ಮಗಳ ಕೈ, ಅಪ್ಪನ ಹೆಸರು

ಬಡಗಿಯ ಕಣ್ಣು ಮಂಜಾಗಿ, ಪೆನ್ಸಿಲ್ ಗೀಟು ಕಾಣದಂತಾದ ಮೇಲೆ ಕೆಲಸಕ್ಕೆ ಹೆಗಲು ಕೊಟ್ಟವಳು ಮಗಳು. ಊರಿಗೆ ಮಾತ್ರ ಅದು ಗೊತ್ತಾಗಬಾರದು. ಗಿರಾಕಿ ಬಂದರೆ ಅಪ್ಪ ಸುತ್ತಿಗೆ ಹಿಡಿದು ಕೂರುತ್ತಿದ್ದ. ಅವಳು ಪೊರಕೆ ಹಿಡಿದು ಮರದ ಹೊಟ್ಟು ಗುಡಿಸುತ್ತಿದ್ದಳು. ಗಿರಾಕಿ ಬೆನ್ನು ತಿರುಗಿಸಿದ್ದೇ ತಡ, ಇಬ್ಬರೂ ಕೈಯಲ್ಲಿದ್ದುದನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಅವಳ ಕೆಲಸ ಅಚ್ಚುಕಟ್ಟು. ಸ್ಕ್ರೂ ಹಾಕುವ ಕಡೆ ಮೊದಲು ಬೈರಿಗೆಯಿಂದ ಸಣ್ಣ ತೂತು ಕೊರೆದು, ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಆರಿಸಿ, ಮೈಭಾರ ಹಾಕಿ ತಿರುಗಿಸುತ್ತಿದ್ದಳು. ಮೊಳೆ ಕೀಳುವಾಗ ಇಕ್ಕಳದ ಕೆಳಗೆ ಹಲಗೆಯ ಚೂರು ಇಡುತ್ತಿದ್ದಳು, ಮರಕ್ಕೆ ಗಾಯವಾಗುತ್ತಿರಲಿಲ್ಲ.

"ಹೆಣ್ಣುಮಗಳ ಕೆಲಸ ಅಂತ ಗೊತ್ತಾದರೆ ಯಾರೂ ಈ ಕಡೆ ತಲೆ ಹಾಕಲ್ಲ ಕಣಮ್ಮ," ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಅವಳ ಮದುವೆಯ ಮಾತೆತ್ತಿದವರನ್ನೂ "ಮುಂದಿನ ವರ್ಷ ನೋಡೋಣ" ಎಂದು ಸಾಗಹಾಕಿದ.

ತಮ್ಮನ ಮದುವೆ ಮಾತ್ರ ನಿಲ್ಲಲಿಲ್ಲ. ಅದು ಮುಗಿದ ಮೇಲೆ ಅಪ್ಪ ಸಲಕರಣೆ ಪೆಟ್ಟಿಗೆಯ ಬೀಗದ ಕೈಯನ್ನು ಅವನಿಗೆ ಕೊಟ್ಟ.

"ಅಪ್ಪ, ಅವನಿಗೆ ತಿರುಪುಳಿ ಹಿಡಿಯೋಕೂ ಬರಲ್ಲ," ಎಂದಳು.

"ನೀನಿದ್ದೀಯಲ್ಲ, ಕಲಿಸಿಕೊಡು. ಅಂಗಡಿ ಅವನ ಹೆಸರಲ್ಲಿರಲಿ."

ಕಲಿಸಲು ಹೋದಳು. ತಮ್ಮ ಕಪಾಟಿನ ಬಾಗಿಲಿಗೆ ಕೀಲು ಕೂರಿಸುತ್ತಿದ್ದ. ತೂತು ಕೊರೆಯದೆ ಸ್ಕ್ರೂಗಳನ್ನು ಸುತ್ತಿಗೆಯಿಂದಲೇ ಬಡಿಯುತ್ತಿದ್ದ.

"ಅದು ಮೊಳೆ ಅಲ್ಲ ಕಣೋ. ಹೀಗೆ ಬಡಿದರೆ ಮರದಲ್ಲಿ ಹಿಡಿತವೇ ಇರಲ್ಲ. ನಾಲ್ಕು ದಿನಕ್ಕೆ ಬಾಗಿಲು ಕಳಚಿ ಬೀಳುತ್ತೆ."

"ತಲೆ ತಿನ್ನಬೇಡ ಅಕ್ಕ. ಬಿದ್ದರೆ ಮತ್ತೆ ಕರೀತಾರೆ. ನಮಗೂ ಕೆಲಸ ಬೇಕಲ್ಲ?"

ಅಪ್ಪ ಹೊಸ್ತಿಲ ಬಳಿ ಕುರ್ಚಿಯಲ್ಲಿದ್ದ. ಮೊಳೆ ಇಳಿಯುವ ಸದ್ದೇ ಬೇರೆ, ಸ್ಕ್ರೂವಿನ ತಲೆ ಜಜ್ಜಿಹೋಗುವ ಸದ್ದೇ ಬೇರೆ. ಒಂದೊಂದು ಏಟಿಗೂ ಅವನ ದವಡೆ ಬಿಗಿಯುತ್ತಿದ್ದುದನ್ನು ಅವಳು ನೋಡಿದಳು.

"ಕೇಳಿಸ್ತಾ ಅಪ್ಪ?"

"ಇಲ್ಲಮ್ಮ. ಈಚೆಗೆ ಕಿವಿಯೂ ಮಂದ," ಎಂದು ಅವನು ಮುಖವನ್ನು ಬೀದಿಯತ್ತ ಹೊರಳಿಸಿದ.

ಅಪ್ಪನ ಕಣ್ಣು ಹೋದಾಗಲೂ ಅವನು ಇಷ್ಟು ದೂರದವನು ಎಂದು ಅವಳಿಗೆ ಅನಿಸಿರಲಿಲ್ಲ. ಆ ವಾರವೇ ಮೇಜು ಕುರ್ಚಿ ಮಾಡುವ ಕಾರ್ಖಾನೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದಳು. ಹಿಂದೆ ಏನು ಮಾಡಿದ್ದೆ ಎಂದು ಮೇಸ್ತ್ರಿ ಕೇಳಿದ. ಊರ ತುಂಬ ಅವಳು ಕೂರಿಸಿದ ಬಾಗಿಲುಗಳಿದ್ದವು. ತನ್ನದೆಂದು ತೋರಿಸಲು ಒಂದೂ ಇರಲಿಲ್ಲ. ಸ್ಕ್ರೂಗಳನ್ನು ಪೊಟ್ಟಣ ಕಟ್ಟುವ ಕೆಲಸಕ್ಕೆ ಹಾಕಿಕೊಂಡರು.

ತಮ್ಮನ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅದರಿಂದ ಅವಳಿಗೆ ಸಂತೋಷವೇನೂ ಆಗಲಿಲ್ಲ. "ಏನೇ ಹೇಳು, ಆ ಮುದುಕನ ಕೈಗುಣ ಮಗನಿಗೆ ಬರಲಿಲ್ಲ," ಎಂದು ಜನ ಅವಳೆದುರಿಗೇ ಅಪ್ಪನನ್ನು ಹೊಗಳುತ್ತಿದ್ದರು.