ವಡೆ ಕಟ್ಟಿದ ಹಾಳೆಯ ಇತಿಹಾಸ

ಮದ್ದೂರು ಬಸ್ ನಿಲ್ದಾಣದಲ್ಲಿ ಇವತ್ತು ವಡೆ ಕಟ್ಟಿಸಿಕೊಂಡೆ. ಬಿಸಿ ಎಣ್ಣೆ ಹೀರಿದ ಪೇಪರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಮ್ಮೂರ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿದ್ದೆ.

ದಿನಕ್ಕೊಬ್ಬರು ಅಲ್ಲಿ ಪೇಪರಿನ ‘ಇತಿಹಾಸದಲ್ಲಿ ಈ ದಿನ’ ಅಂಕಣ ಓದಬೇಕಿತ್ತು. ಪೇಪರ್ ಬರುತ್ತಿದ್ದುದು ಪಟೇಲರ ಮನೆಗೆ ಮಾತ್ರ. ಅಲ್ಲಿ ಹೋಗಿ ಬರೆದುಕೊಳ್ಳಲು ನನಗೆ ನಾಚಿಕೆ. ನನ್ನ ಸರದಿಯ ಹಿಂದಿನ ಸಂಜೆ ಅಪ್ಪ ತಂದ ವಡೆಯ ಹಾಳೆಯಲ್ಲೇ ಆ ಅಂಕಣ ಸಿಕ್ಕಿಬಿಟ್ಟಿತು. ಹರಿದಿಟ್ಟುಕೊಂಡೆ.

“ಈ ದಿನ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ” ಎಂದು ಗಟ್ಟಿಯಾಗಿ ಓದಿದೆ.

ಮೇಷ್ಟ್ರು ಹುಣಸೆ ಬರಲು ಹಿಡಿದು ಹತ್ತಿರ ಬಂದರು. “ಅದು ಜುಲೈನಲ್ಲಿ ಕಣಮ್ಮಿ. ಈಗ ಅವರೆಕಾಯಿ ಕಾಲ. ಎಲ್ಲಿ ಸಿಕ್ತು ಇದು?”

“ಅಪ್ಪ ತಂದಿದ್ ವಡೆ ಪೇಪರ್ರು ಸಾ...” ಅಂಗೈ ತಾನಾಗಿಯೇ ಮುಂದೆ ಹೋಯಿತು.

ಅವರು ಪೇಪರಿನ ಚೂರನ್ನು ಇಸಿದುಕೊಂಡು ಮೂಸಿದರು. ಬರಲು ಕಂಕುಳಿಗೆ ಹೋಯಿತು. “ಚಂದ್ರನ ಮ್ಯಾಲೆ ಇಳ್ದಿದ್ದಂತೂ ದಿಟ, ಓಗ್ಲಿ ಬುಡು. ಇನ್ಮ್ಯಾಕೆ ತಾರೀಕು ನೋಡ್ಕಂಡು ವಡೆ ತಿನ್ನು!”

ಇಡೀ ಶಾಲೆ ನಕ್ಕಿತು. ಚಾಚಿದ್ದ ಅಂಗೈ ಹಿಂದಕ್ಕೆಳೆದುಕೊಂಡು ನಾನೂ ನಕ್ಕೆ.

ಇವತ್ತೂ ತಿನ್ನುವ ಮೊದಲು ಹಾಳೆ ಬಿಡಿಸಿ ತಾರೀಕು ಹುಡುಕಿದೆ. ಹಳೆಯದು. ಮೇಷ್ಟ್ರು ಈಗಿಲ್ಲವೆಂದು ಗೊತ್ತಿದ್ದರೂ ಒಮ್ಮೆ ಹಿಂದೆ ತಿರುಗಿ ನೋಡಿ, ನೆಮ್ಮದಿಯಾಗಿ ಕಚ್ಚಿದೆ.