ಮುಕಾದಮನ ಕುರ್ಚಿ

ಗೋಕಾಕ ಬಾಜೂ ನಾಗನೂರಾಗ ನಾವು ಮುಯ್ಯಿಗೆ ಹೋಗಿ ಬೆಳದವರು. ಇವತ್ತ ನಿಮ್ಮ ಹೊಲಕ್ಕ ನಾವು, ನಾಳೆ ನಮ್ಮ ಹೊಲಕ್ಕ ನೀವು. ಯಾರ ಹೊಲಾನೋ ಅವರೇ ಮೊದಲ ಸೊಂಟಾ ಬಗ್ಗಿಸಬೇಕು.

ಬ್ರಿಟಿಷರು ಹೋದ ಮರುವರ್ಷ ನಾನು ಬೆಳಗಾವಿಯ ಮಿಲಿಟರಿ ಡಿಪೋದಾಗ ಹಮಾಲ ಆದೆ. ಹತ್ತು ವರ್ಷ ಆದಮ್ಯಾಲ, ಹಮಾಲರಿಗೆ ಮುಕಾದಮನ್ನ ಮಾಡೋಣಂತ, ಮುಂದಾಳುತನ ಕಲಿಯೋ ತರಬೇತಿಗೆ ನನ್ನ ಕಳಿಸಿದರು.

ಕಲಸಾವ ಒಬ್ಬ ಕ್ಯಾಪ್ಟನ್. ಮೊದಲನೇ ದಿನಾನ ನನ್ನ ಕುರ್ಚಿ ಮ್ಯಾಲ ಕುಂದರಿಸಿ, ಕೈಯಾಗ ಸೀಟಿ ಕೊಟ್ಟು, ಮುಂದ ನಿಂತಿದ್ದ ಆಳುಗಳ ಕಡೆ ಕೈ ಮಾಡಿ, "ಇವರ ಕಡಿಂದ ಪೆಟಗಿ ಹೊರಸು" ಅಂದ. ಆಳುಗಳು ಪೆಟಗಿಗೆ ಕೈ ಹಚ್ಚಿದ್ದ ತಡ, ನಾನು ಎದ್ದು ಹೋಗಿ ಹೆಗಲ ಕೊಟ್ಟೆ.

ಕ್ಯಾಪ್ಟನ್ ಕಿಡಿಕಿಡಿಯಾದ. "ನೀ ಈಗ ಹಮಾಲ ಅಲ್ಲ. ಹೋಗಿ ಕುಂದರು!"

"ಕುಂತಾವನ ಮಾತು ನಮ್ಮೂರಾಗ ಯಾರೂ ಕೇಳಂಗಿಲ್ರಿ, ಸಾಹೇಬ್ರ," ಅಂದೆ. ಪೆಟಗಿ ಮಾತ್ರ ಇಳಸಲಿಲ್ಲ.

'ಮುಂದಾಳು ಆಗಾಕ ಲಾಯಕ್ಕಿಲ್ಲ' ಅಂತ ನನ್ನ ಹಾಳಿ ಮ್ಯಾಲ ಬರದ. ಬರೀಲಿ! ಡಿಪೋದ ಹಮಾಲರು ಇವನೇ ಮುಕಾದಮ ಆಗಬೇಕಂತ ಪಟ್ಟು ಹಿಡದರು. ಹುದ್ದೀನೂ ಬಂತು, ಅದರ ಬೆನ್ನಿಗೆ ಕುರ್ಚೀನೂ ಬಂತು.

ನಾನು ನೌಕರಿ ಬಿಡೂತನಕ ಆ ಕುರ್ಚಿ ಮ್ಯಾಲ ನಮ್ಮೆಲ್ಲಾರ ರೊಟ್ಟಿ ಗಂಟು ಕುಂತಿದ್ವು. ನಾನು ಒಂದ ದಿನಾನೂ ಕುಂದರಲಿಲ್ಲ.