ಓಕ್ ಮರದ ನೆರಳಿನ ಕ್ರಯವಿಕ್ರಯ

ನಮ್ಮ ಕಾರಿನ ಡಿಕ್ಕಿಯಲ್ಲಿ ವರ್ಷವಿಡೀ ಮೂರು ಹಳೆಯ ಬೆಡ್‌ಶೀಟುಗಳು ಮಲಗಿರುತ್ತವೆ. ಬಣ್ಣ ಹೋಗಿದೆ, ಅಂಚು ಹರಿದಿದೆ. ಆದರೆ ಫ್ರೀಮಾಂಟಿನ ಕೆರೆಯ ದಡದಲ್ಲಿ ನಮ್ಮ ಕನ್ನಡದವರು ಪಿಕ್ನಿಕ್ ಮಾಡುವ ದಿನ ಅವಕ್ಕೆ ಎಲ್ಲಿಲ್ಲದ ದರ್ಪ ಬರುತ್ತದೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಬೆಳೆದವರು ನಾವು. ಸಮುದ್ರ ದಾಟಿದರೂ ಆ ವಿದ್ಯೆ ಮರೆತಿಲ್ಲ. ಅಲ್ಲಿರುವುದು ಒಂದೇ ದೊಡ್ಡ ಓಕ್ ಮರ. ಮಧ್ಯಾಹ್ನ ಅದರ ನೆರಳು ಎಲ್ಲೆಲ್ಲಿ ಬೀಳುತ್ತದೆಂಬುದು ನನಗೆ ಬಾಯಿಪಾಠವಾದ್ದರಿಂದ, ಎಲ್ಲರಿಗಿಂತ ಮೊದಲು ಹೋಗಿ ಹಾಸಿಬಿಟ್ಟರೆ ಆ ದಿನದ ಮಟ್ಟಿಗೆ ನಾನೇ ಜಮೀನ್ದಾರಿಣಿ.

ಈ ಸಲ ಹಾಗೆ ಹಾಸಿ, ಮಗಳು ಅನನ್ಯಳಿಂದ ಮರುದಿನದ ಪರೀಕ್ಷೆಯ ಇತಿಹಾಸ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಈ ದೇಶ ಇನ್ನೂ ಎಳೆಯದಾಗಿದ್ದಾಗ ಜಾರ್ಜಿಯಾ ರಾಜ್ಯದ ಶಾಸಕರು, ಪಶ್ಚಿಮದ ಅಗಾಧ ನೆಲವನ್ನು ಕೆಲವು ಕಂಪನಿಗಳಿಗೆ ಕಡಲೆಪುರಿಯ ಬೆಲೆಗೆ ಮಾರಿದರಂತೆ. ಕೈಯೆತ್ತಿ ಒಪ್ಪಿದವರಲ್ಲಿ ಬಹುಪಾಲು ಮಂದಿಗೆ ಆ ವ್ಯವಹಾರದಲ್ಲೇ ಪಾಲಿತ್ತಂತೆ. ಜನ ರೇಗಿ ಅವರನ್ನು ಮನೆಗೆ ಕಳಿಸಿದರು. ಹೊಸಬರು ಮಾರಾಟವನ್ನು ರದ್ದು ಮಾಡಿ ಕಾಗದವನ್ನು ಎಲ್ಲರೆದುರು ಸುಟ್ಟರು. ಆ ಬೆಂಕಿಗೂ ಮೈಲಿಗೆ ತಾಕಬಾರದೆಂದು ಭೂತಗನ್ನಡಿ ಹಿಡಿದು ಸೂರ್ಯನಿಂದಲೇ ಕಿಡಿ ಪಡೆದರೆಂಬ ಕಥೆಯೂ ಉಂಟು. ಎಂಥ ಮಡಿ ನೋಡಿ! ಅಷ್ಟರಲ್ಲಿ ಆ ನೆಲ, ಅದರ ಮುಖವನ್ನೇ ಕಾಣದ ದೂರದೂರಿನವರಿಗೆ ದಾಟಿಯಾಗಿತ್ತು. ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಮೂಲನಿವಾಸಿಗಳನ್ನು ಮಾತ್ರ ಮಾರಿದವರೂ ಕೇಳಲಿಲ್ಲ, ಸುಟ್ಟವರೂ ಕೇಳಲಿಲ್ಲ.

“ಛೀ, ಎಂಥಾ ಜನ!” ಎಂದೆ, ಕೆಸುವಿನೆಲೆಯ ಪತ್ರೊಡೆ ಬಾಯಿಗಿಡುತ್ತಾ. ಅದು ಉಡುಪಿಯ ಗೆಳತಿ ಶಶಿಕಲಾ ಆಗಷ್ಟೇ ಕೊಟ್ಟದ್ದು. ಪ್ರತಿಯಾಗಿ ಮರದ ಬುಡದ ಬೆಡ್‌ಶೀಟು ಅವಳ ಪಾಲಾಗಿತ್ತು. ಅವಳು ಅದರಲ್ಲಿ ಅರ್ಧವನ್ನು ಸ್ಯಾನ್ ಹೋಸೆಯಲ್ಲಿರುವ ನಾದಿನಿಗೆ ಫೋನಿನಲ್ಲೇ ದಾನ ಮಾಡಿದ್ದಳು. ಉಳಿದೆರಡು ಶೀಟುಗಳೂ ಹೀಗೆಯೇ, ಇನ್ನೂ ಮನೆಯಿಂದ ಹೊರಡದವರಿಗೆ ಸಂದಿದ್ದವು.

ಆಗ ಯೂನಿಯನ್ ಸಿಟಿಯ ಜುಬೇದಾ, ತಾಯಿಯ ಕೈ ಹಿಡಿದು ಬಂದಳು. ಮೈಸೂರಿನ ಆ ಹಿರಿಯರಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತಷ್ಟೆ. ಕಪ್ಪು ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು.

“ಅಕ್ಕಾ, ಅಮ್ಮೀಗೆ ಬಿಸಿಲು ತಡೆಯಲ್ಲ. ಒಂಚೂರು ಜಾಗ ಆಗತ್ತಾ? ಇಲ್ಲಾಂದ್ರೆ ವಾಪಸ್ ಹೊರಡ್ತೀವಿ. ತಿಂಗಳಿಂದ ಕಾಯ್ತಾ ಇದ್ರು, ಪಾಪ.”

“ಅಯ್ಯೋ, ಎಲ್ಲಾ ಫುಲ್ಲು ಜುಬೇದಾ,” ಎಂದೆ. ಶೀಟುಗಳ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅನನ್ಯ ಪುಸ್ತಕದಿಂದ ತಲೆಯೆತ್ತದೆ, “ಅಮ್ಮಾ, ಯು ಆರ್ ಸೋ ಜಾರ್ಜಿಯಾ,” ಎಂದಳು.

ಗೆಳೆಯರೇ, ಭ್ರಷ್ಟಾಚಾರವೆಂದರೆ ದೊಡ್ಡವರ ದೊಡ್ಡ ಮೇಜಿನ ಕೆಳಗೆ ನಡೆಯುವುದೆಂದು ನಂಬಿದ್ದೆ. ಹರಿದ ಬೆಡ್‌ಶೀಟೂ ಒಂದು ತುಂಡು ಪತ್ರೊಡೆಯೂ ಸಾಕೆಂದು ಆ ಹೊತ್ತಿಗೆ ತಿಳಿಯಿತು. ಎದ್ದೆ, ಮೂರು ಶೀಟುಗಳನ್ನೂ ಸುತ್ತಿ ಬದಿಗೆಸೆದು, ಅಮ್ಮಿಯನ್ನು ಮರದ ಬುಡದಲ್ಲಿ ಕೂರಿಸಿದೆ.

ಶಶಿಕಲಾ ಓಡಿಬಂದಳು. “ಎಂತ ಮಾರಾಯ್ತಿ ಇದು? ನಾದಿನಿ ಫ್ರೀವೇಯಲ್ಲಿ ಬರ್ತಾ ಇದ್ದಾಳೆ! ಪತ್ರೊಡೆ ತಿಂದದ್ದು ಯಾರು?”

“ನಾನೇ ಕಣೇ. ಮಾರಾಟ ರದ್ದು. ಹೊಟ್ಟೆಯೊಳಗಿರೋದನ್ನ ರದ್ದು ಮಾಡೋಕಾಗಲ್ಲ.”

ಅವಳ ಮುಖ ನೋಡುವ ಧೈರ್ಯವಾಗದೆ ಅಮ್ಮಿಯತ್ತ ತಿರುಗಿದೆ. ಅವರು ಕಾಂಡಕ್ಕೆ ಒರಗಿ, ಕನ್ನಡಕ ತೆಗೆದು, ಎಲೆಗಳನ್ನು ಒಂದೊಂದಾಗಿ ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಪುಣ್ಯ ಕಟ್ಟಿಕೊಂಡ ಬೆಚ್ಚನೆಯ ಸಮಾಧಾನದಲ್ಲಿ ನಾನೂ ಪಕ್ಕದಲ್ಲಿ ಕೂರಲು ಬಗ್ಗಿದೆ. ಅವರು ಮೆಲ್ಲನೆ ತಮ್ಮ ಚಪ್ಪಲಿಗಳನ್ನು ಕಳಚಿ ಎಡಕ್ಕೊಂದು, ಬಲಕ್ಕೊಂದು ಮಾರುದೂರಕ್ಕೆ ಇಟ್ಟರು.

“ಇಲ್ಲಿ ಬೇಡಮ್ಮಾ, ಮಗ ಸೊಸೆ ಬರ್ತಾ ಇದಾರೆ,” ಎಂದರು. ಆಮೇಲೆ ಪಕ್ಕದಲ್ಲಿದ್ದ ನನ್ನ ಚೀಲವನ್ನು ಆ ಹೊಸ ಕಣ್ಣುಗಳಿಂದ ಚೆನ್ನಾಗಿ ಪರಿಶೀಲಿಸಿ, “ನಿಮಗೂ ನೋಡೋಣ. ಊಟಕ್ಕೇನು ತಂದಿದೀರಿ?”

ನಾನು ಬಿಸಿಲಿನಲ್ಲೇ ನಿಂತು ಚಿತ್ರಾನ್ನದ ಮುಚ್ಚಳ ತೆಗೆದೆ.